ಮೊದಲು ಮನೆಯ ಸದ್ದು ಇಳಿಸು

ಮಗೂ, ನಿನ್ನೆ ರಾತ್ರಿ ಹನ್ನೊಂದೂವರೆಗೆ ಫೋನು ಮಾಡಿ ಒಂದೇ ಉಸಿರಿಗೆ ಹತ್ತು ಪ್ರಶ್ನೆ ಕೇಳಿದೆ. ಚುಕ್ಕಿಗೆ ಗರ್ಭಕೋಶದ ಆಪರೇಷನ್ ಆಗಿದೆ, ಸಂಜೆ ಮನೆಗೆ ಕರೆತಂದಿದ್ದೀಯ, ಕುಂಯ್ ಕುಂಯ್ ನಿಲ್ಲಿಸುತ್ತಿಲ್ಲ, ನಾಯಿಗೆ ಸಮಾಧಾನ ಕೊಡುವ ಸಂಗೀತ ಅಂತ ಯೂಟ್ಯೂಬಿನಲ್ಲಿ ಹತ್ತು ಗಂಟೆಯದ್ದೊಂದು ಸಿಕ್ಕಿದೆ, ಹಾಕಲಾ ಬೇಡವಾ. ನಾನು ಬಾಯಿ ತೆರೆಯುವ ಮೊದಲೇ ಹಾಕಿಯೂ ಆಗಿತ್ತು. ಆ ಪಿಯಾನೋ ಇಲ್ಲಿ ತೀರ್ಥಹಳ್ಳಿಯಲ್ಲಿ ಕೂತ ನನ್ನ ಕಿವಿಗೇ ಬಡಿಯುತ್ತಿತ್ತು. ಅದರ ಹಿಂದೆ ಟಿವಿ, ಟಿವಿಯ ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು, ಎಲ್ಲದರ ನಡುವೆ ಆ ಬಡಪಾಯಿಯ ಮುಲುಗು. ನಿನ್ನ ಮನಸ್ಸು ಚಿನ್ನದಂಥದ್ದು, ಕೈಗೆ ಮಾತ್ರ ಅವಸರ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ‘ಗೊತ್ತಾಯ್ತು ಅಜ್ಜಿ’ ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಚುಕ್ಕಿಯ ಪಕ್ಕದಲ್ಲೇ ಕೂತು ಓದು.

ಸದ್ದು ಹಾಕುವುದು ಆಮೇಲಿನ ಕೆಲಸ. ಸದ್ದು ತೆಗೆಯುವುದು ಮೊದಲ ಕೆಲಸ. ಗದ್ದಲದ ಮನೆಯೊಳಗೆ ಇನ್ನೊಂದು ಸದ್ದು ತಂದು ಸುರಿಯುವುದು, ಉಪ್ಪು ಹೆಚ್ಚಾದ ಸಾರಿಗೆ ಬೆಲ್ಲ ಹಾಕಿ ಸರಿಮಾಡಲು ಹೊರಟ ಹಾಗೆ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್ ತನಕದ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000ದ ತನಕ. ನಿನಗೆ ನಿಶ್ಶಬ್ದ ಅನ್ನಿಸುವ ಕೋಣೆ ಅದಕ್ಕೆ ನಿಶ್ಶಬ್ದವಲ್ಲ. ನಾಳೆ ಬೆಳಿಗ್ಗೆ ಹತ್ತು ನಿಮಿಷ ಮೊಬೈಲು ಕೆಳಗಿಟ್ಟು ಸುಮ್ಮನೆ ಕೂತು ಬೆರಳು ಮಡಚಿ ಎಣಿಸು. ಕುಕ್ಕರಿನ ವಿಷಲ್ಲು. ಮಿಕ್ಸಿ. ಕಾಲಿಂಗ್ ಬೆಲ್ಲು. ಕೆಲಸ ಮುಗಿಯಿತು ಅಂತ ಕೂಗುವ ವಾಷಿಂಗ್ ಮೆಷಿನ್ನು. ಕರೆಂಟು ಹೋದ ಕೂಡಲೇ ಪೀಂ ಪೀಂ ಅನ್ನುವ ಯುಪಿಎಸ್ಸು. ನಿಮಿಷಕ್ಕೊಮ್ಮೆ ಟಿಂಗ್ ಅನ್ನುವ ನಿನ್ನ ಫೋನು.

ಇದು ನನ್ನ ಊಹೆಯಲ್ಲ. ಮನೆಯೊಳಗಿನ ಮಾಮೂಲಿ ಸದ್ದುಗಳಿಗೆ ನಾಯಿಗಳು ಹೇಗೆ ಹೆದರುತ್ತವೆ ಅಂತ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದರು. ಒಂದೇ ಸಮನೆ ಗುಂಯ್‌ಗುಡುವ ತಗ್ಗಿನ ಸದ್ದಿಗಿಂತ, ಬ್ಯಾಟರಿ ಮುಗಿಯುತ್ತಾ ಬಂದ ಹೊಗೆ ಅಲಾರಂ ಆಗಾಗ ಚಿಂಯ್ ಅನ್ನುತ್ತದಲ್ಲ, ಅಂಥ ಚೂಪು ಸದ್ದು ನಾಯಿಯನ್ನು ಹೆಚ್ಚು ಕಂಗೆಡಿಸುತ್ತದೆ ಅಂದರು. ಅದಕ್ಕಿಂತ ದೊಡ್ಡ ಮಾತು, ಎಷ್ಟೋ ಮಾಲೀಕರಿಗೆ ತಮ್ಮ ನಾಯಿ ಹೆದರಿದ್ದೇ ಗೊತ್ತಾಗಿರಲಿಲ್ಲ. ಕೆಲವರು ನೋಡಿ ನಕ್ಕಿದ್ದರು. ಹಾಗಾಗಿ ಈ ಹತ್ತು ಹದಿನಾಲ್ಕು ದಿನ, ಹೊಲಿಗೆ ಬಿಚ್ಚುವ ತನಕ, ಬೇಳೆಯನ್ನು ನೆನೆಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸು. ಕಾಲಿಂಗ್ ಬೆಲ್ಲಿನ ವೈರು ತೆಗೆ. ಡೆಲಿವರಿ ಹುಡುಗರಿಗೆ ‘ಬಾಗಿಲ ಬಳಿ ಇಟ್ಟು ಹೋಗಿ’ ಅಂತ ಬರೆದುಹಾಕು. ಮಿಕ್ಸಿ ತಿರುಗಿಸಲೇಬೇಕಾದರೆ ಅಡುಗೆಮನೆ ಬಾಗಿಲು ಮುಚ್ಚಿಕೋ. ಚಟ್ನಿಯಿಲ್ಲದೆ ಎರಡು ವಾರ ಬದುಕಿದರೆ ನೀನೇನೂ ಸೊರಗಿ ಹೋಗುವುದಿಲ್ಲ.

ಬೆಚ್ಚಿಬಿದ್ದರೆ ಏನಾಗುತ್ತದೆ ಗೊತ್ತಾ? ಮೈಯೆಲ್ಲ ಬಿಗಿಯುತ್ತದೆ. ಹೊಟ್ಟೆ ಬಿಗಿಯುತ್ತದೆ. ಹೊಲಿಗೆ ಹಾಕಿದ ಜಾಗ ಚುರ್ರ್ ಅನ್ನುತ್ತದೆ. ಆಮೇಲೆ ಆ ಸದ್ದು ಕೇಳಿದಾಗಲೆಲ್ಲ ನಾಯಿಗೆ ಆ ನೋವಿನ ನೆನಪು. 2018ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಮೂಳೆ, ಸ್ನಾಯುವಿನ ನೋವಿರುವ ನಾಯಿಗಳ ಬಗ್ಗೆ ಇದನ್ನೇ ಹೇಳಿದರು. ಸದ್ದಿನ ಹೆದರಿಕೆಯ ಹಿಂದೆ ಎಷ್ಟೋ ಸಲ ಯಾರೂ ಗುರುತಿಸದ ನೋವು ಅಡಗಿರುತ್ತದೆ ಅಂತ. ನನ್ನ ತಮ್ಮ, ನಿನ್ನ ಡಾಕ್ಟರಜ್ಜ, ಮೂವತ್ತು ವರ್ಷ ದನ, ನಾಯಿ ನೋಡಿದವನು, ಅದನ್ನು ಓದಿ ‘ಅಕ್ಕಾ, ನಮ್ಮ ಕರಿಯನ ಕಥೆಯೇ ಇದು’ ಅಂದ.

ಕರಿಯನನ್ನು ನೀನು ನೋಡಿಲ್ಲ. ನಿಮ್ಮಮ್ಮ ನೋಡಿದ್ದಾಳೆ. ತೋಟದಿಂದ ಬರುವಾಗ ರಸ್ತೆಯಲ್ಲಿ ಬೈಕು ಬಡಿದು ಅವನ ಹಿಂಗಾಲಿನ ಮೂಳೆ ಮುರಿಯಿತು. ಆಪರೇಷನ್ ಮಾಡಿ, ರಾಡು ಹಾಕಿ, ಮೇಲೆ ದಪ್ಪ ಬ್ಯಾಂಡೇಜು ಸುತ್ತಿ ಕಳಿಸಿದರು. ಬಚ್ಚಲೊಲೆಯ ಪಕ್ಕ ಬೆಚ್ಚಗಿನ ಜಾಗದಲ್ಲಿ ಕಂಬಳಿ ಹಾಸಿ ಮಲಗಿಸಿದೆ. ರಾತ್ರಿಯಿಡೀ ಮುಲುಗಿದ. ಒಬ್ಬನಿಗೇ ಬೇಜಾರು ಅಂದುಕೊಂಡು ಮರುದಿನ ರೇಡಿಯೋ ತಂದು ಅವನ ತಲೆ ಹತ್ತಿರ ಇಟ್ಟೆ. ಮುಲುಗು ಕೇಳದಷ್ಟು ದೊಡ್ಡದಾಗಿ. ಎರಡನೇ ದಿನ ಸುಮ್ಮನಾದ. ನನಗೆ ಖುಷಿ, ರೇಡಿಯೋ ಕೇಳಿ ಸಮಾಧಾನ ಆಯಿತು ಅಂತ. ಮೂರನೇ ದಿನ ನನ್ನ ತಮ್ಮ ಬಂದ. ಬಂದವನೇ ರೇಡಿಯೋ ಆರಿಸಿದ, ಕಾಲು ಮುಟ್ಟಿದ. ಬ್ಯಾಂಡೇಜು ಬಿಗಿಯಾಗಿ ಬೆರಳುಗಳು ಊದಿ ತಣ್ಣಗಾಗಿದ್ದವು. ಸಮಾಧಾನದಿಂದಲ್ಲ, ಸೋತು ಸುಮ್ಮನಾಗಿದ್ದ ನನ್ನ ಕರಿಯ. ಕತ್ತರಿಸಿ ಬಿಚ್ಚಿದ ಮೇಲೆ ಅವನು ಬಿಟ್ಟ ಉಸಿರು ನನ್ನ ಕಿವಿಯಲ್ಲಿ ಇನ್ನೂ ಇದೆ. ಕಾಲು ಉಳಿಯಿತು. ಇನ್ನೊಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದ ತಮ್ಮ.

ಆದ್ದರಿಂದ ಸಂಗೀತ ಹಾಕುವ ಮುಂಚೆ ಚುಕ್ಕಿ ಏನು ಹೇಳುತ್ತಿದ್ದಾಳೆ ಅಂತ ಕೇಳು. ಮೊದಲ ರಾತ್ರಿಯ ಕುಂಯ್‌ಗುಟ್ಟುವಿಕೆ ಎಲ್ಲವೂ ನೋವೇ ಆಗಿರಬೇಕಿಲ್ಲ. ಅರಿವಳಿಕೆಯ ಮತ್ತು ಇಳಿಯುವಾಗ ತಾನೆಲ್ಲಿದ್ದೇನೆ ಅಂತ ಗೊತ್ತಾಗದೆ ಕೂಗುವುದುಂಟು. ಕಾಲು ತಡವರಿಸುತ್ತದೆ, ಕಣ್ಣು ಎಲ್ಲೋ ನೋಡುತ್ತದೆ, ಹೊಟ್ಟೆ ತೊಳಸುತ್ತದೆ. ಹೆಚ್ಚಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ. ಆದರೆ ಸೆಖೆಯಿಲ್ಲದಿದ್ದರೂ ಏದುಸಿರು ಬಿಡುವುದು, ಬೆನ್ನು ಗೂನು ಮಾಡಿಕೊಂಡು ನಿಲ್ಲುವುದು, ಮಲಗಲು ಹೋಗಿ ಮತ್ತೆ ಮತ್ತೆ ಏಳುವುದು, ನಡುಗುವುದು, ಮುಟ್ಟಲು ಹೋದರೆ ಗುರ್ ಅನ್ನುವುದು, ಇವು ನೋವಿನ ಮಾತು. ಅದಕ್ಕೆ ಡಾಕ್ಟರು ಕೊಟ್ಟ ಔಷಧಿಯೇ ಬೇಕು, ವೀಣೆಯಲ್ಲ. ಒಸಡು ಬಿಳಿಚಿಕೊಂಡರೆ, ಗಾಯದಿಂದ ರಕ್ತವೋ ಕೀವೋ ಇಳಿದರೆ, ವಾಂತಿ ನಿಲ್ಲದಿದ್ದರೆ, ಒಂದು ದಿನ ದಾಟಿದರೂ ಅನ್ನ ಮೂಸದಿದ್ದರೆ ಹೊತ್ತು ನೋಡಬೇಡ, ಡಾಕ್ಟರಿಗೆ ಫೋನು ಮಾಡು. ನಿನ್ನ ತಲೆನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು. ‘ಅರ್ಧ ಕೊಟ್ಟರೆ ಏನಾಗುತ್ತೆ’ ಅನ್ನುವವಳು ನೀನು, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಸರಿ, ಔಷಧಿ ಹೊಟ್ಟೆಗೆ ಹೋಯಿತು, ಮನೆ ತಣ್ಣಗಾಯಿತು. ಈಗ ನಿನ್ನ ಸಂಗೀತಕ್ಕೆ ಬರೋಣ. ಅದಕ್ಕೂ ಬೆಲೆಯಿದೆ, ನಾನು ತಳ್ಳಿಹಾಕುವುದಿಲ್ಲ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಡೆಬೊರಾ ವೆಲ್ಸ್ ಮತ್ತು ಜೊತೆಗಾರರು 2002ರಲ್ಲಿ ಅನಾಥ ನಾಯಿಗಳ ಆಶ್ರಯದಲ್ಲಿ ಬೇರೆ ಬೇರೆ ಸದ್ದು ಕೇಳಿಸಿ ನೋಡಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಕಿದಾಗ ನಾಯಿಗಳು ಹೆಚ್ಚು ಹೊತ್ತು ವಿಶ್ರಾಂತಿ ತೆಗೆದುಕೊಂಡವು, ಬೊಗಳುವುದು ಕಡಿಮೆಯಾಯಿತು. ಹೆವಿ ಮೆಟಲ್ ಹಾಕಿದಾಗ ಬೊಗಳಾಟ ಜೋರಾಯಿತು. ಪಾಪ್ ಹಾಡಿಗೂ ಮನುಷ್ಯರ ಮಾತುಕತೆಗೂ ಅವು ಹೆಚ್ಚೇನೂ ಬದಲಾಗಲಿಲ್ಲ.

ಅಲ್ಲಿಯ ಪಿಯಾನೋವೇ ಆಗಬೇಕೆಂದಿಲ್ಲ. ನಿಧಾನವಾಗಿರಬೇಕು, ವಾದ್ಯ ಒಂದೋ ಎರಡೋ ಇರಬೇಕು, ಇದ್ದಕ್ಕಿದ್ದಂತೆ ಏರಬಾರದು. ಕೊಳಲಿನ ಆಲಾಪನೆ ಆದೀತು, ವೀಣೆ ಆದೀತು, ಬರೀ ತಂಬೂರಿ ಶ್ರುತಿಯೂ ಆದೀತು. ಮೊಬೈಲಿನಲ್ಲೇ ಸಿಗುತ್ತದಂತೆ ಈಗ ತಂಬೂರಿ. ಹಿಂದೂಸ್ತಾನಿ ಹಾಕುತ್ತೀಯಾದರೆ ವಿಲಂಬಿತದ ತನಕ ಇರಲಿ, ದ್ರುತ್ ಶುರುವಾಗಿ ತಾನ್‌ಗಳು ಹರಿಯತೊಡಗಿದರೆ ನಿಲ್ಲಿಸು. ಮಲ್ಲಿಕಾರ್ಜುನ ಮನ್ಸೂರರ ತಾನ್ ನಮಗೆ ರೋಮಾಂಚನ, ಹೊಲಿಗೆ ಹಾಕಿದ ಹೊಟ್ಟೆಗೆ ರೋಮಾಂಚನ ಬೇಡ. ಕರ್ನಾಟಕ ಸಂಗೀತದ ಕಚೇರಿ ಹಾಕಿದರೆ ತನಿ ಆವರ್ತನ ಬರುವ ಮೊದಲೇ ಎದ್ದು ಹೋಗಿ ಆರಿಸು. ಮೃದಂಗ, ಘಟ ಎರಡೂ ಸೇರಿ ಮುಕ್ತಾಯ ಕೊಡುವಾಗ ಎಚ್ಚರವಿದ್ದ ಮನುಷ್ಯನೇ ಚಪ್ಪಾಳೆ ತಟ್ಟುತ್ತಾನೆ, ಮಲಗಿದ ನಾಯಿಯ ಗತಿ ಏನು?

ಮಳೆಯ ಸದ್ದು ಹಾಕುತ್ತೇನೆ ಅಂದೆಯಲ್ಲ, ಅದು ಒಳ್ಳೆಯದೇ. ನಮ್ಮ ಮನೆಯ ಹೆಂಚಿನ ಮೇಲೆ ಆಷಾಢದ ಮಳೆ ಹಿಡಿದರೆ ನಾಯಿ, ಬೆಕ್ಕು, ಕೊಟ್ಟಿಗೆಯ ಕರು ಎಲ್ಲ ಒಂದೇ ನಿದ್ದೆ. ಆದರೆ ಆ ಮಳೆಯನ್ನು ಮೊದಲು ನೀನು ಕೇಳು, ಕೊನೆಯ ತನಕ. ನಡುವೆ ಎಲ್ಲೋ ಚೆಂದಕ್ಕೆ ಅಂತ ಗುಡುಗು ಸೇರಿಸಿರುತ್ತಾರೆ. ನಾಲ್ಕನೇ ನಿಮಿಷದಲ್ಲಿ ಸಿಡಿಲು ಹೊಡೆದರೆ ಚುಕ್ಕಿ ಮಂಚದ ಕೆಳಗೆ ನುಗ್ಗುತ್ತಾಳೆ, ಹೊಲಿಗೆ ಕಿತ್ತು ಬರುತ್ತದೆ. ಯೂಟ್ಯೂಬಿನ ಜಾಹೀರಾತೂ ಹಾಗೆಯೇ. ಮಂದ್ರದ ಕೊಳಲು ಮುಗಿಯುತ್ತಲೇ ಬನಿಯನ್ನಿನವನೋ ಸಾಲದ ಆ್ಯಪಿನವನೋ ಬಂದು ಕಿರುಚಿದರೆ ಅಷ್ಟು ಹೊತ್ತಿನ ಸಮಾಧಾನ ನೀರುಪಾಲು. ಹಾಡನ್ನು ಫೋನಿಗೆ ಇಳಿಸಿಕೊಂಡು, ಇಂಟರ್ನೆಟ್ ಆರಿಸಿ ಹಾಕು. ಬ್ಲೂಟೂತ್ ಸ್ಪೀಕರಾದರೆ ಆನ್ ಮಾಡುವಾಗ ಅದು ಟೊಂಯ್ ಅನ್ನುತ್ತದೆ. ಆ ಕೆಲಸ ಬೇರೆ ಕೋಣೆಯಲ್ಲಿ ಮುಗಿಸಿ ಒಳಗೆ ತಾ.

ಎಷ್ಟು ದೊಡ್ಡದಾಗಿ ಹಾಕಲಿ ಅಂತ ಕೇಳಿದ್ದೆ. ಪಕ್ಕದ ಕೋಣೆಗೆ ಹೋದರೆ ನಿನಗೆ ಕೇಳಿಯೂ ಕೇಳದ ಹಾಗೆ. ಸ್ಪೀಕರನ್ನು ತಲೆಯ ಹತ್ತಿರ ಇಡಬೇಡ. ಕೋಣೆಯ ಇನ್ನೊಂದು ಮೂಲೆಯಲ್ಲಿ, ಗೋಡೆ ಕಡೆ ಮುಖ ಮಾಡಿ ಇಡು. ಚುಕ್ಕಿ ಮಲಗಿದ ಜಾಗದಿಂದ ಎದ್ದು ದೂರ ಹೋಗಲು ದಾರಿ ಇರಲಿ. ಹೋದಳೋ, ಅವಳಿಗೆ ಅದು ಬೇಡ ಅಂತ ಅರ್ಥ. ಒತ್ತಾಯ ಬೇಡ, ಆರಿಸು. ಕಿವಿ ಹಿಂದಕ್ಕೆ ಒತ್ತಿಕೊಂಡರೆ, ಆಕಳಿಕೆ ಮೇಲೆ ಆಕಳಿಕೆ ಬಂದರೆ, ತುಟಿ ನೆಕ್ಕಿಕೊಳ್ಳುತ್ತಿದ್ದರೆ ಆಗಲೂ ಆರಿಸು. ಗಲ್ಲವನ್ನು ಕಂಬಳಿಗೆ ಊರಿ, ದೀರ್ಘ ಉಸಿರೊಂದು ಬಿಟ್ಟು, ಪಕ್ಕಕ್ಕೆ ಮಗ್ಗುಲಾದಳೋ, ಹಿಡಿಸಿತು ಅಂತ ತಿಳಿ.

ಕೊರಳಿಗೆ ಕೋನ್ ಹಾಕಿದ್ದಾರೆ ಅಂದೆ. ಅದನ್ನು ಕಟ್ಟಿಕೊಂಡ ನಾಯಿಯ ಪಾಡು ನಾವು ಯೋಚಿಸುವುದಿಲ್ಲ. ಸದ್ದು ಎತ್ತಣಿಂದ ಬಂತು ಅಂತ ಕಿವಿ ತಿರುಗಿಸಿ ಹುಡುಕುವ ಪ್ರಾಣಿ ಅದು. ಕಿವಿಯ ಸುತ್ತ ಪ್ಲಾಸ್ಟಿಕ್ ಗೋಡೆ ಎದ್ದರೆ ದಿಕ್ಕು ತಪ್ಪುತ್ತದೆ. ಬಾಗಿಲಿಗೆ, ಕುರ್ಚಿ ಕಾಲಿಗೆ ಕೋನ್ ತಾಗಿದಾಗಿನ ಢಬ್ ಅನ್ನುವ ಸದ್ದು ನಿನಗೆ ಸಣ್ಣದು, ಅದರ ಕಿವಿಯೊಳಗೆ ನಗಾರಿ. ಪಾಪ ಅಂತ ಬಿಚ್ಚಬೇಡ ಮಾತ್ರ. ಹತ್ತು ನಿಮಿಷ ನೆಕ್ಕಿದರೂ ಹೊಲಿಗೆ ಹಾಳಾಗುತ್ತದೆ. ಬದಲಿಗೆ ಓಡಾಡುವ ದಾರಿಯಿಂದ ಕುರ್ಚಿ, ಸ್ಟೂಲು ಸರಿಸು. ಹಿಂದಿನಿಂದ ಹೋಗಿ ಮುಟ್ಟಬೇಡ. ಎದುರಿನಿಂದ, ಹೆಸರು ಕರೆಯುತ್ತಾ ಹೋಗು.

ಇನ್ನು ನನಗೆ ಬಲು ಇಷ್ಟವಾದ ವಿಷಯ. 2016ರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ಪ್ರಯೋಗ ಪ್ರಕಟವಾಯಿತು. ಆಶ್ರಯದ ನಾಯಿಗಳಿಗೆ ಶಾಸ್ತ್ರೀಯ ಸಂಗೀತ ಕೇಳಿಸಿದರು, ಪಾಪ್ ಕೇಳಿಸಿದರು, ನಾಯಿಗೆಂದೇ ವಿಶೇಷವಾಗಿ ತಯಾರಿಸಿದ ಸಂಗೀತವನ್ನೂ ಕೇಳಿಸಿದರು. ಜೊತೆಗೆ ಒಬ್ಬರು ಕಥೆ ಓದುವ ಆಡಿಯೋ ಪುಸ್ತಕ. ಹೆಚ್ಚು ಹೊತ್ತು ವಿಶ್ರಾಂತಿ ತೆಗೆದುಕೊಂಡದ್ದು ಯಾವಾಗ ಅಂತೀಯ? ಕಥೆ ಓದುವಾಗ! ಮೊದಲ ಪ್ರಯೋಗದ ಹರಟೆಗೂ ಇಲ್ಲಿಯ ಓದಿಗೂ ಇರುವ ವ್ಯತ್ಯಾಸ ಇದು ಅಂತ ನನ್ನ ಎಣಿಕೆ. ಹರಟೆಯಲ್ಲಿ ನಾಲ್ಕು ದನಿ ಏಳುತ್ತವೆ, ಬೀಳುತ್ತವೆ, ನಗುತ್ತವೆ, ಜಗಳ ಕಾಯುತ್ತವೆ. ಓದಿನಲ್ಲಿ ಒಂದೇ ದನಿ, ಒಂದೇ ಹದ. ಆದ್ದರಿಂದ ನಾಯಿ ಸಂಗೀತದ ಆ್ಯಪಿಗೆ ತಿಂಗಳ ಚಂದಾ ಕಟ್ಟುವ ಮುನ್ನ ಗಂಟಲು ಸರಿಮಾಡಿಕೊಂಡು ಒಂದು ಪುಸ್ತಕ ಹಿಡಿ.

ಬ್ಯಾಂಡೇಜು ಸಡಿಲಿಸಿದ ಮೇಲೆ ಕರಿಯನ ಪಕ್ಕ ನಾನು ರೇಡಿಯೋ ಇಡಲಿಲ್ಲ. ಸಂಜೆ ದೀಪ ಹಚ್ಚಿ ಕುಮಾರವ್ಯಾಸ ಭಾರತ ತೆಗೆದು ಕೂರುತ್ತಿದ್ದೆ. ನನ್ನ ಅಪ್ಪ ಗಮಕಿ, ಅವರಿಂದ ಕಲಿತ ನಾಲ್ಕಾರು ರಾಗದಲ್ಲಿ ಮೆಲ್ಲಗೆ ವಾಚನ. ಭಾಮಿನಿ ಷಟ್ಪದಿಯ ನಡಿಗೆ ತೊಟ್ಟಿಲು ತೂಗಿದ ಹಾಗೆ. ಎರಡನೆಯ ಪದ್ಯ ಮುಗಿಯುವಷ್ಟರಲ್ಲಿ ಅವನ ಬಾಲದ ತುದಿ ನೆಲಕ್ಕೆ ಎರಡು ಸಲ ಬಡಿಯುತ್ತಿತ್ತು, ಹತ್ತನೆಯದಕ್ಕೆ ಗೊರಕೆ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲ ತನಕ ನಡೆದ ನಾಯಿಯ ಕಥೆಯನ್ನು ಅವನಿಗೆ ಓದಿ ಹೇಳಬೇಕು ಅಂತ ಆಸೆಯಿತ್ತು. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿದ್ದಾನೆ, ಆ ಕಥೆ ಬರುವುದು ಹದಿನೇಳರಲ್ಲಿ. ಹಾಗಾಗಿ ಅದನ್ನು ಬಾಯಿಮಾತಿನಲ್ಲೇ ಹೇಳಿದೆ. ನಿನಗೆ ಷಟ್ಪದಿ ಬಾರದಿದ್ದರೆ ಚಿಂತೆಯಿಲ್ಲ. ದಿನಪತ್ರಿಕೆ ಓದು, ನಿನ್ನ ಆಫೀಸಿನ ಇಮೇಲ್ ಓದು. ಏರಿಳಿತವಿಲ್ಲದೆ, ತಗ್ಗಿದ ದನಿಯಲ್ಲಿ, ನಿಧಾನವಾಗಿ. ನಿಧಾನ ಅನ್ನುವುದು ನಿನಗೆ ಸ್ವಲ್ಪ ಕಷ್ಟ. ಚುಕ್ಕಿಗಾಗಿ ಕಲಿ.

ಒಂದೇ ಹಾಡನ್ನು ದಿನವಿಡೀ ತಿರುಗಿಸಬೇಡ. ಸ್ಕಾಟ್ಲೆಂಡಿನ ಪ್ರಾಣಿದಯಾ ಸಂಘ ಮತ್ತು ಗ್ಲಾಸ್ಗೋ ವಿಶ್ವವಿದ್ಯಾಲಯದವರು ನೋಡಿದ್ದು ಹೀಗೆ: ಮೊದಮೊದಲು ನಾಯಿಗಳು ಶಾಂತವಾದವು, ಅದೇ ಸಂಗೀತ ದಿನಗಟ್ಟಲೆ ಮುಂದುವರಿದಾಗ ಪರಿಣಾಮ ಬೇಗ ಮಾಸಿತು. 2017ರಲ್ಲಿ ಬಗೆಬಗೆಯದ್ದನ್ನು ಬದಲಿಸಿ ಬದಲಿಸಿ ಹಾಕಿದಾಗ ಎಲ್ಲದಕ್ಕಿಂತ ಸಾಫ್ಟ್ ರಾಕ್, ರೆಗ್ಗೆ ಹೆಚ್ಚು ಹಿಡಿಸಿದ ಲಕ್ಷಣ ಕಂಡಿತು. ಒಂದೊಂದು ನಾಯಿಗೆ ಒಂದೊಂದು ರುಚಿ ಇರಬಹುದು ಅಂತಲೂ ಅವರು ಹೇಳಿದರು. ನಾನಾದರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹಾಕುತ್ತೇನೆ, ಉಳಿದ ಹೊತ್ತು ಬರೀ ಫ್ಯಾನಿನ ಸದ್ದು. ನಿದ್ದೆ ಬಂದ ನಾಯಿಗೆ ಜೋಗುಳ ಹಾಡುವುದು ಯಾಕೆ?

ನೀನು ಆಫೀಸಿಗೆ ಹೊರಡುವಾಗ ಮಾತ್ರ ಸಂಗೀತ ಹಾಕುವ ತಪ್ಪು ಮಾಡಬೇಡ. ಮೂರು ದಿನಕ್ಕೇ ಚುಕ್ಕಿ ಲೆಕ್ಕ ಹಾಕುತ್ತಾಳೆ, ಕೊಳಲು ಕೇಳಿತು ಅಂದರೆ ಇವಳು ಬಿಟ್ಟುಹೋಗುತ್ತಾಳೆ ಅಂತ. ಆಮೇಲೆ ಕೊಳಲೇ ಅವಳಿಗೆ ಶತ್ರು. ನೀನು ಪಕ್ಕದಲ್ಲಿ ಕೂತಾಗ, ಅವಳು ಊಟ ಮಾಡಿ ತೂಕಡಿಸುವಾಗ ಹಾಕು. ಸದ್ದಿಗೂ ನೆಮ್ಮದಿಗೂ ಗಂಟು ಬೀಳುವುದು ಹಾಗೆ. ನಿಜ ಹೇಳಬೇಕೆಂದರೆ ಈ ಗಂಟು ಆಪರೇಷನ್ನಿಗೆ ಒಂದು ವಾರ ಮೊದಲೇ ಹಾಕಬೇಕಿತ್ತು. ನೀನು ಸೋಮವಾರ ಯೋಚಿಸಿ ಬುಧವಾರ ಮಾಡಿಸಿದವಳು, ಹೋಗಲಿ. ನಿನ್ನ ಸ್ನೇಹಿತೆಯ ನಾಯಿಗೂ ಮಾಡಿಸಬೇಕು ಅಂದೆಯಲ್ಲ, ಅವಳಿಗೆ ಹೇಳು. ಇನ್ನೂ ಒಂದು ಹೇಳು: ತುರ್ತಿಲ್ಲದ ಆಪರೇಷನ್ನಾದರೆ ಗಣೇಶನ ಹಬ್ಬ, ದೀಪಾವಳಿಯ ಆಸುಪಾಸಿನ ದಿನ ಬೇಡವೇ ಬೇಡ. ಹಸಿ ಹೊಲಿಗೆಯ ನಾಯಿ, ಬೀದಿಯಲ್ಲಿ ಲಕ್ಷ್ಮೀ ಪಟಾಕಿ, ಅದರ ಎದುರು ಯಾವ ತಂಬೂರಿಯೂ ನಿಲ್ಲುವುದಿಲ್ಲ. ತಪ್ಪಿಸಲು ಆಗದೇ ಹೋದರೆ ಕಿಟಕಿ ಕಡಿಮೆಯಿರುವ ಒಳಕೋಣೆಯಲ್ಲಿ ಇಟ್ಟುಕೊಂಡು, ಹೆದರಿಕೆಗೆ ಏನು ಕೊಡಬಹುದು ಅಂತ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಲಿ.

ಇವೆಲ್ಲ ಮಾಡಿಯೂ ಒಂದು ಕೆಲಸ ಬಾಕಿ ಇರುತ್ತದೆ. ಅದು ನೀನೇ ಮಾಡಬೇಕಾದ್ದು. ನೆಲಕ್ಕೆ ಚಾಪೆ ಹಾಕಿಕೊಂಡು ಅವಳ ಹತ್ತಿರ ಮಲಗು, ಮಂಚದ ಮೇಲಲ್ಲ. ಮಂಚಕ್ಕೆ ಹಾರಲು ಹೋದರೆ ಹೊಲಿಗೆಗೆ ಅಪಾಯ. ಕೈ ಅವಳ ಮುಂಗಾಲ ಹತ್ತಿರ ಇರಲಿ, ಮೇಲೆ ಹೇರಬೇಡ. ಆಪರೇಷನ್ ಆದ ಮೈ ಬೇಗ ತಣ್ಣಗಾಗುತ್ತದೆ, ನಿನ್ನ ಹಳೆಯ ಕಾಟನ್ ಸೀರೆ ಒಂದು ಹೊದಿಸು, ನಿನ್ನ ವಾಸನೆ ಇರುವಂಥದ್ದು. ಸೀರೆ ಉಡುವುದಿಲ್ಲ ಅನ್ನುತ್ತೀಯ, ಗೊತ್ತು. ನಾನು ಕಳಿಸಿದ್ದು ಬೀರುವಿನಲ್ಲಿ ಮಡಚಿದ ಹಾಗೇ ಇದೆ, ಅದನ್ನೇ ಎರಡು ದಿನ ಮೈಗೆ ಸುತ್ತಿಕೊಂಡು ಕೊಡು. ಬೀದಿಯಲ್ಲಿ ಚರಂಡಿ ಪಕ್ಕ ಸಿಕ್ಕ ಮರಿ ಅದು. ನಿನ್ನ ಊರಿನ ಸಾವಿರ ಸದ್ದಿನಲ್ಲಿ ಅವಳು ಮೊದಲು ನಂಬಿದ್ದು ನಿನ್ನ ಚಪ್ಪಲಿಯ ಸದ್ದನ್ನು.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಏನಂದರು ಅಂತ ತಿಳಿಸು. ಓಡಾಡಬಹುದು ಅಂದ ಮೇಲೆ ಕಾರಿನಲ್ಲಿ ಮೆಲ್ಲಗೆ ಇಲ್ಲಿಗೆ ಕರೆದುಕೊಂಡು ಬಾ. ಜಗಲಿಯಲ್ಲಿ ಕಂಬಳಿ ಹಾಸಿರುತ್ತೇನೆ. ಈಗ ಎದ್ದು ಹೋಗಿ ಆ ಟಿವಿ ಆರಿಸು.